ಮನೆಯಲ್ಲೇ ಮಣ್ಣಿನ ಕೆಲಸ: ತಿಗರಿ (ಕುಂಬಾರನ ಚಕ್ರ) ಬೇಡ, ಆವಿಗೆ (ಮಡಕೆ ಸುಡುವ ಗೂಡು) ಬೇಡ, ಒಂದು ಬಕೆಟ್ ಸಾಕು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮೊದಲ ಒಂದು ತಿಂಗಳು ನೀವು ಮಾಡಿದ ಯಾವುದನ್ನೂ ಸುಡಬೇಡಿ. ಯಾವುದನ್ನೂ ಎತ್ತಿಡಬೇಡಿ. ಮಾಡಿ, ಒಣಗಿಸಿ, ಕಣ್ತುಂಬ ನೋಡಿ, ಆಮೇಲೆ ಬಕೆಟ್ಟಿನ ನೀರಿಗೆ ಹಾಕಿ. ಅದು ಕರಗಿ ಮತ್ತೆ ಮಣ್ಣಾಗುತ್ತದೆ. ಮರುವಾರ ಅದೇ ಮಣ್ಣಿನಲ್ಲಿ ಇನ್ನೊಂದು ಮಾಡಿ. ಮನಸ್ಸಿಗೆ ನೆಮ್ಮದಿ ಬೇಕು ಅಂತ ಮಣ್ಣು ಮುಟ್ಟುವವರಿಗೆ ನನ್ನ ಸಲಹೆ ಇದೊಂದೇ. ಕೆಳಗೆ ಬರೆದಿರುವುದೆಲ್ಲ ಇದನ್ನು ಹೇಗೆ ಮಾಡುವುದು ಎನ್ನುವ ವಿವರ.

ನಾನು ಇದಕ್ಕೆ ಬಂದದ್ದು ಅಪ್ಪ ತೀರಿಕೊಂಡ ವರ್ಷ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಎರಡು ಗಂಟೆ, ಮೂರು ಗಂಟೆಯವರೆಗೂ ಫೋನ್ ಮೇಲೆ ಸುಮ್ನೆ ಬೆರಳು ಆಡಿಸುತ್ತಾ ಇರುತ್ತಿದ್ದೆ. ಏನು ನೋಡಿದೆ ಅಂತ ಕೇಳಿದರೆ ಒಂದೂ ನೆನಪಿಲ್ಲ. ಆ ಜೂನ್‌ನಲ್ಲಿ ಊರಿಗೆ ಹೋದಾಗ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಉತ್ತರ ಕರ್ನಾಟಕದ ಕಡೆ ಕಾರ ಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಬರುವ ಹಬ್ಬ ಇದು. ಮಣ್ಣಿನ ಎತ್ತು ಮಾಡಿ ಪೂಜೆ ಮಾಡುತ್ತಾರೆ. ಅವ್ವ ಒಂದು ಉಂಡೆ ಮಣ್ಣು ಕೈಗಿಟ್ಟು "ಎತ್ತು ಮಾಡು" ಅಂದಳು. ಮೂವತ್ತು ವರ್ಷದ ಮೇಲೆ ಮಣ್ಣು ಮುಟ್ಟಿದ್ದೆ. ಕೊಂಬು ನಿಲ್ಲಲಿಲ್ಲ, ನಾಲ್ಕು ಕಾಲೂ ಒಂದೊಂದು ಅಳತೆ. ಆದರೆ ಎತ್ತು ಮುಗಿಸಿ ತಲೆ ಎತ್ತಿದಾಗ ಒಂದೂವರೆ ತಾಸು ಕಳೆದಿತ್ತು, ಅಷ್ಟು ಹೊತ್ತೂ ಫೋನ್ ಎಲ್ಲಿದೆ ಅಂತ ಕೂಡ ನೆನಪಾಗಿರಲಿಲ್ಲ.

ಎರಡೂ ಕೈ ಕೆಸರಾಗಿರುವಾಗ ಫೋನ್ ಮುಟ್ಟಲು ಆಗುವುದಿಲ್ಲ. ಗಮನ ಬೇರೆ ಕಡೆ ಹೋದರೆ ಗೋಡೆ ಕುಸಿಯುತ್ತದೆ. ಅವಸರ ಮಾಡಿದರೆ ಬಿರಿಯುತ್ತದೆ. ಮಣ್ಣು ಬೈಯುವುದಿಲ್ಲ, ಆದರೆ ತನ್ನ ಹೊತ್ತು ಬಿಟ್ಟುಕೊಡುವುದೂ ಇಲ್ಲ. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 39 ಜನ ದೊಡ್ಡವರನ್ನು ಬಣ್ಣ, ಕಾಗದ, ಜೇಡಿಮಣ್ಣು ಕೊಟ್ಟು 45 ನಿಮಿಷ ಕೂರಿಸಿದರು. ಮೊದಲೂ ಆಮೇಲೂ ಎಂಜಲು ಪರೀಕ್ಷೆ ಮಾಡಿದಾಗ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಕಲೆ ಗೊತ್ತಿದ್ದವರು, ಗೊತ್ತಿಲ್ಲದವರು ಅಂತ ಅದರಲ್ಲಿ ಭೇದ ಕಾಣಲಿಲ್ಲ. ಚಿಕ್ಕ ಅಧ್ಯಯನ, ಇದರ ಮೇಲೆ ದೊಡ್ಡ ಮಾತು ಕಟ್ಟುವುದು ಬೇಡ. ಆದರೆ "ನನಗೆ ಒಂದು ಗೆರೆ ಎಳೆಯಲೂ ಬರಲ್ಲ" ಅನ್ನುವವರು ಹಿಂಜರಿಯಬೇಕಿಲ್ಲ ಅನ್ನುವುದಕ್ಕೆ ಅಷ್ಟು ಸಾಕು.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಮಣ್ಣು ಆಮೇಲೆ, ವೈದ್ಯರು ಮೊದಲು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಮಣ್ಣು ತರುವುದು

ಸುಲಭದ ದಾರಿ ಕುಂಬಾರರ ಮನೆ. ಹದ ಮಾಡಿದ ಮಣ್ಣು ಐದು ಕಿಲೋ ಕೊಡಿ ಅಂತ ಕೇಳಿ, ಅವರು ಹೇಳಿದ ಬೆಲೆ ಕೊಡಿ, ಚೌಕಾಸಿ ಬೇಡ. ಆ ಮಣ್ಣಿನ ಹಿಂದೆ ಎಷ್ಟು ಕೆಲಸ ಇದೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ. ಬೆಂಗಳೂರಿನವರಾದರೆ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ಗೆ ಹೋಗಿ ಬನ್ನಿ. ಗಣೇಶನ ಹಬ್ಬದ ಹಿಂದಿನ ವಾರಗಳು ಬೇಡ, ಅವರಿಗೆ ಆಗ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುವುದಿಲ್ಲ. ಬೆಳಗಾವಿ ಕಡೆಯವರಿಗೆ ಖಾನಾಪುರ ಇದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲೇ ಇದೆ. ಇದ್ಯಾವುದೂ ಹತ್ತಿರ ಇಲ್ಲದವರು ಆನ್‌ಲೈನ್‌ನಲ್ಲಿ ಟೆರಾಕೋಟಾ ಮಣ್ಣಿನ ಚೀಲ ತರಿಸಬಹುದು. ಒಂದು ಎಚ್ಚರ: ಗಾಳಿಗೆ ಒಣಗಿ ಗಟ್ಟಿಯಾಗುವ, ಅಂಟು ಬೆರೆಸಿದ ಕ್ಲೇ ಬೇರೆ. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹಾಗಾಗಿ ನಾನು ಹೇಳುವ ಕ್ರಮಕ್ಕೆ ಆಗಿಬರುವುದಿಲ್ಲ.

ನೀವೇ ಮಣ್ಣು ತೆಗೆಯಬೇಕು ಅಂದರೆ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ನೋಡಿ, ಊರಿನವರನ್ನು ಕೇಳಿಕೊಂಡು ತೆಗೆಯಿರಿ. ತೋಟದ ಕೆಂಪು ಮಣ್ಣಿನಲ್ಲಿ ಮರಳು ಜಾಸ್ತಿ, ಅಂಟು ಕಡಿಮೆ. ಎರೆ ಮಣ್ಣು ಇದಕ್ಕೆ ತದ್ವಿರುದ್ಧ. ಅಂಟು ಬೇಕಾದಷ್ಟಿದೆ, ಆದರೆ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕು ನೋಡಿದ್ದೀರಲ್ವಾ, ನಿಮ್ಮ ಕುಡಿಕೆಗೂ ಅದೇ ಗತಿ. ಕೆರೆಯ ತಳದ ನುಣ್ಣನೆಯ ಜೇಡಿಮಣ್ಣು ಇವೆರಡರ ನಡುವೆ ನಿಲ್ಲುತ್ತದೆ.

ಪರೀಕ್ಷೆ ಎರಡು. ಹದವಾದ ಮಣ್ಣನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು ತೋರುಬೆರಳಿಗೆ ಸುತ್ತಿ. ಮುರಿಯದೆ ಸುತ್ತಿಕೊಂಡರೆ ಮಣ್ಣು ಒಳ್ಳೆಯದು, ಅಲ್ಲಲ್ಲಿ ಬಿರಿದರೆ ಮರಳು ಹೆಚ್ಚಿದೆ. ಎರಡನೆಯದು, ಒಂದು ಪಟ್ಟಿ ತಟ್ಟಿ ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆಯಿರಿ. ಪೂರ್ತಿ ಒಣಗಿದ ಮೇಲೆ ಅಳೆಯಿರಿ. ಗೆರೆ 9 ಸೆಂಟಿಮೀಟರ್‌ಗಿಂತ ಕೆಳಗೆ ಇಳಿದರೆ ಆ ಮಣ್ಣು ಕುಗ್ಗುವುದು ಜಾಸ್ತಿ. ಅದಕ್ಕೆ ಜರಡಿ ಹಿಡಿದ ಸಣ್ಣ ಮರಳನ್ನೋ, ಒಡೆದ ಮಡಕೆಯ ಬೋಕಿ ಕುಟ್ಟಿದ ಪುಡಿಯನ್ನೋ ಬೆರೆಸಬೇಕು. ಹತ್ತು ಹಿಡಿ ಮಣ್ಣಿಗೆ ಒಂದು ಹಿಡಿಯಿಂದ ಶುರು ಮಾಡಿ.

ಮಣ್ಣು ತೊಳೆಯುವುದು

ತಂದ ಮಣ್ಣನ್ನು ಮೊದಲು ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ. ಒದ್ದೆ ಹೆಂಟೆ ನೀರಿನಲ್ಲಿ ದಿನಗಟ್ಟಲೆ ಹಾಗೇ ಕೂರುತ್ತದೆ, ಒಣ ಹೆಂಟೆ ಕೆಲವೇ ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ. ಒಣಗಿದ್ದನ್ನು ಅಡಿಕೆ ಗಾತ್ರಕ್ಕೆ ಒಡೆದು ಬಕೆಟ್ಟಿಗೆ ಹಾಕಿ, ಮುಳುಗುವಷ್ಟು ನೀರು ಬಿಡಿ. ಕಲಕಬೇಡಿ. ಮರುದಿನ ಕೈಹಾಕಿ ಕಲಸಿ, ಹಳೇ ಸೊಳ್ಳೆಪರದೆಯಲ್ಲೋ ಹಿಟ್ಟಿನ ಜರಡಿಯಲ್ಲೋ ಸೋಸಿ. ಬೇರು, ಕಲ್ಲು, ಶಂಖದ ಹುಳುವಿನ ಚಿಪ್ಪು ಎಲ್ಲ ಮೇಲೆ ನಿಲ್ಲುತ್ತವೆ. ಸುಣ್ಣದ ಹರಳು ಕಂಡರೆ ಬಿಡಬೇಡಿ. ಅದು ಸುಟ್ಟ ಮೇಲೆ ಗಾಳಿಯ ತೇವ ಕುಡಿದು ಉಬ್ಬಿ ಮಡಕೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ.

ಎರಡು ದಿನ ಬಿಟ್ಟರೆ ಮಣ್ಣು ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಅದನ್ನು ಮೆಲ್ಲಗೆ ಬಗ್ಗಿಸಿ ಗಿಡಕ್ಕೆ ಹಾಕಿ. ಉಳಿದ ಕೆಸರನ್ನು ಗಟ್ಟಿ ಮಾಡಲು ನನಗೆ ಸಿಕ್ಕ ಅತ್ಯುತ್ತಮ ಸಾಧನ ಮಂಗಳೂರು ಹೆಂಚು. ನಾಲ್ಕು ಹಳೇ ಹೆಂಚು ಜೋಡಿಸಿ, ಹಳೇ ಪಂಚೆ ಹಾಸಿ, ಅದರ ಮೇಲೆ ಕೆಸರು ಸುರಿಯಿರಿ. ಹೆಂಚು ಕೆಳಗಿನಿಂದ ನೀರು ಹೀರುತ್ತದೆ, ಗಾಳಿ ಮೇಲಿನಿಂದ ಒಣಗಿಸುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿನ ನದಿ ಬಯಲಿನ ಜೇಡಿಮಣ್ಣೇ ಅದಕ್ಕೆ ಆಧಾರ. ಮಣ್ಣಿನ ನೀರನ್ನು ಸುಟ್ಟ ಮಣ್ಣೇ ಹೀರುವುದನ್ನು ನೋಡಲು ನನಗೆ ಈಗಲೂ ಇಷ್ಟ. ಒಂದೆರಡು ದಿನದಲ್ಲಿ, ಮಳೆಗಾಲವಾದರೆ ನಾಲ್ಕೈದು ದಿನದಲ್ಲಿ, ಮಣ್ಣು ಬಟ್ಟೆಯಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ಉಂಡೆ ಕಟ್ಟಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಇಡಿ. ಕೆಲವು ವಾರದಲ್ಲಿ ಒಂಥರಾ ಹಳಸಿದ ವಾಸನೆ ಬರಬಹುದು, ಕಪ್ಪು ಚುಕ್ಕೆ ಕಾಣಬಹುದು. ಅದು ಕೆಟ್ಟಿದ್ದಲ್ಲ. ಇಟ್ಟಷ್ಟೂ ಮಣ್ಣು ಬಿರಿಯದೆ ಚೆನ್ನಾಗಿ ಬಾಗುತ್ತದೆ.

ಕೂರುವ ಜಾಗ

ಬಾಲ್ಕನಿ, ಹಿತ್ತಿಲು, ಅಡುಗೆಮನೆಯ ಮೂಲೆ, ಯಾವುದಾದರೂ ಸರಿ. ಒಂದು ಹಲಗೆ, ಗೋಣಿಚೀಲದ ತುಂಡು, ಚಿಕ್ಕ ಬಟ್ಟಲಲ್ಲಿ ನೀರು, ಹಳೇ ಚಮಚ, ದಾರ. ಇಷ್ಟರ ಮೇಲೆ ಏನೂ ಖರೀದಿ ಮಾಡಬೇಡಿ.

ಎರಡು ನಿಯಮ ಮಾತ್ರ ಗಟ್ಟಿಯಾಗಿ ಹಿಡಿಯಿರಿ. ಮಣ್ಣಿನ ಕೈಯನ್ನು ಸಿಂಕಿನಲ್ಲಿ ತೊಳೆಯಬೇಡಿ. ಕೆಸರು ಪೈಪಿನ ಬಾಗಿನಲ್ಲಿ ಕೂತು ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲೇ ತೊಳೆಯಿರಿ, ಆ ಮಣ್ಣೂ ಮತ್ತೆ ಕೆಲಸಕ್ಕೆ ಬರುತ್ತದೆ. ಎರಡನೆಯದು, ಒಣಗಿದ ಮಣ್ಣನ್ನು ಪೊರಕೆಯಿಂದ ಗುಡಿಸಬೇಡಿ. ಅದರ ಧೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಕೆಡುಕು. ಒದ್ದೆ ಬಟ್ಟೆಯಿಂದ ಒರೆಸಿ.

ಹೊತ್ತು ನಿಮ್ಮದು. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ ಸಾಕು. ನನಗೆ ಬೆಳಗ್ಗೆ ಐದೂವರೆ ಒಗ್ಗಿತು. ಫೋನನ್ನು ಇನ್ನೊಂದು ಕೋಣೆಯಲ್ಲಿ ಬಿಡಿ. ಹಾಡು ಬೇಕೇ ಬೇಕು ಅನಿಸಿದರೆ ಹಾಕಿಕೊಳ್ಳಿ, ಆದರೆ ಮೊದಲ ಎರಡು ಮೂರು ಸಲವಾದರೂ ಸುಮ್ಮನೆ ಕೂತು ನೋಡಿ. ಮಣ್ಣಿಗೂ ಸದ್ದಿದೆ, ಕೇಳಬೇಕು.

ಹದ

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಮಾಧಾನ ಕೊಡುವ ಭಾಗ ಇದು, ಬಹಳ ಜನ ಬೇಗ ಮುಗಿಸಿ ಮುಂದೆ ಓಡುವ ಭಾಗವೂ ಇದೇ. ದೊಡ್ಡ ಕಿತ್ತಳೆ ಹಣ್ಣಿನ ಎರಡರಷ್ಟು ಮಣ್ಣು ತೆಗೆದುಕೊಳ್ಳಿ. ಚಪಾತಿ ಹಿಟ್ಟಿನ ಹಾಗೆ ಮಡಚಿ ಮಡಚಿ ನಾದಬೇಡಿ, ಗಾಳಿ ಒಳಗೆ ಸೇರುತ್ತದೆ. ಅಂಗೈಯ ಬುಡದಿಂದ ಕೆಳಗೂ ಮುಂದಕ್ಕೂ ಒತ್ತಿ, ಸ್ವಲ್ಪ ನಿಮ್ಮ ಕಡೆ ಉರುಳಿಸಿಕೊಳ್ಳಿ, ಮತ್ತೆ ಒತ್ತಿ. ತೋಳಿನ ಬಲ ಬೇಡ, ಮೈಭಾರ ಹಾಕಿ. ಒತ್ತುವಾಗ ಉಸಿರು ಬಿಡಿ, ಉರುಳಿಸುವಾಗ ಎಳೆದುಕೊಳ್ಳಿ. ಐವತ್ತು ಸಲ ಎಣಿಸಿ. ಇಪ್ಪತ್ತರ ಹೊತ್ತಿಗೆ ತಲೆಯಲ್ಲಿ ಆಫೀಸು, ಸಾಲ, ನಿನ್ನೆಯ ಜಗಳ ಎಲ್ಲ ಬರುತ್ತವೆ. ಬರಲಿ. ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡಿ.

ಆಮೇಲೆ ದಾರದಿಂದ ಉಂಡೆಯನ್ನು ನಡುವೆ ಕತ್ತರಿಸಿ ಒಳಗೆ ನೋಡಿ. ತೂತು ಕಂಡರೆ ಎರಡು ತುಂಡನ್ನೂ ಒಂದರ ಮೇಲೊಂದು ಜೋರಾಗಿ ಕುಕ್ಕಿ, ಇನ್ನೊಂದು ಸುತ್ತು ನಾದಿ. ಬೆಣ್ಣೆ ಕತ್ತರಿಸಿದ ಹಾಗೆ ಒಂದೇ ಮೈ ಕಂಡರೆ ಹದ ಬಂತು.

ಮೊದಲ ಕುಡಿಕೆ

ತಿಗರಿಯ ಆಸೆ ಈಗ ಬೇಡ. ಅದು ವರ್ಷಗಟ್ಟಲೆ ಕಲಿಯುವ ವಿದ್ಯೆ. ಮನೆಯ ಕೆಲಸಕ್ಕೆ ಹೆಬ್ಬೆರಳೇ ಸಾಕು. ಕಿತ್ತಳೆ ಗಾತ್ರದ ಉಂಡೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳನ್ನು ನಡುವೆ ಇಳಿಸಿ. ತಳದಲ್ಲಿ ಒಂದು ಬೆರಳು ದಪ್ಪ ಉಳಿಯುವಾಗ ನಿಲ್ಲಿಸಿ. ಈಗ ಒಳಗೆ ಹೆಬ್ಬೆರಳು, ಹೊರಗೆ ಉಳಿದ ಬೆರಳು. ಒಂದು ಚಿವುಟು, ಒಂದು ತಿರುವು. ತಳದಿಂದ ಶುರು ಮಾಡಿ ಸುತ್ತು ಹಾಕುತ್ತಾ ನಿಧಾನಕ್ಕೆ ಮೇಲೆ ಬನ್ನಿ. ಬಾಯಿಯನ್ನು ಕೊನೆಗೆ ತೆಳು ಮಾಡಿ. ಮೊದಲೇ ಮಾಡಿದರೆ ಅದು ಒಣಗಿ ಬಿರಿಯುತ್ತದೆ.

ಎರಡನೇ ಸುತ್ತಿನಿಂದ ಕಣ್ಣು ಮುಚ್ಚಿ ಮಾಡಿ. ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಬೆರಳಿಗೆ ಕಣ್ಣಿಗಿಂತ ಚೆನ್ನಾಗಿ ಗೊತ್ತು. ಕಣ್ಣು ತೆರೆದಿದ್ದರೆ ಚೆಂದ ಬಂತಾ ಇಲ್ವಾ ಅಂತ ಲೆಕ್ಕ ಶುರುವಾಗುತ್ತದೆ. ಮುಚ್ಚಿದರೆ ಆ ಲೆಕ್ಕ ನಿಲ್ಲುತ್ತದೆ.

ಹೊಸಬರು ಮಾಡುವ ದೊಡ್ಡ ತಪ್ಪು ನೀರು. ಅಂಚು ಸ್ವಲ್ಪ ಬಿರಿದ ಕೂಡಲೇ ನೀರು ಹಚ್ಚುತ್ತಾರೆ, ಮಣ್ಣು ಜಾರುತ್ತದೆ, ಇನ್ನಷ್ಟು ಹಚ್ಚುತ್ತಾರೆ, ಕುಡಿಕೆ ತಟ್ಟೆಯಾಗುತ್ತದೆ. ಒಂದು ಬೆರಳ ತುದಿ ಅದ್ದಿ ಬಿರುಕಿನ ಮೇಲೆ ಸವರಿದರೆ ಸಾಕು. ಗೋಡೆ ಓಲಾಡಿದರೆ ಹತ್ತು ನಿಮಿಷ ಬಿಟ್ಟು ಚಹಾ ಕುಡಿದು ಬನ್ನಿ, ಅಷ್ಟರಲ್ಲಿ ಅದು ಬಿಗಿಯಾಗಿರುತ್ತದೆ.

ನಾಲ್ಕೈದು ಕುಡಿಕೆ ಆದ ಮೇಲೆ ಸುರುಳಿ ಕೆಲಸ. ತಳಕ್ಕೆ ರೊಟ್ಟಿಯ ಹಾಗೆ ತಟ್ಟಿ, ಕಿರುಬೆರಳ ದಪ್ಪದ ಎಳೆ ಹೊಸೆದು ಅದರ ಅಂಚಿನ ಮೇಲೆ ಸುತ್ತಿ ಕೂರಿಸಿ. ಸೇರುವ ಎರಡೂ ಕಡೆ ಚಮಚದ ಹಿಡಿಯಿಂದ ಗೀರಿ, ಮೊಸರಿನ ಹದದ ತೆಳು ಮಣ್ಣು ಸವರಿ, ಒಳಗೂ ಹೊರಗೂ ಬೆರಳಿನಿಂದ ಎಳೆದು ಬೆಸೆಯಿರಿ. ಗೀರದೆ ಕೂರಿಸಿದ ಸುರುಳಿ ಒಣಗುವಾಗ ಬಿಟ್ಟುಕೊಳ್ಳುತ್ತದೆ. ಮೂರು ಸುರುಳಿ ಆದ ಮೇಲೆ ಸ್ವಲ್ಪ ಹೊತ್ತು ಬಿಡಿ, ಕೆಳಗಿನದು ಗಟ್ಟಿಯಾಗಲಿ.

ಗೋಡೆ ಅರ್ಧ ಬಿಗಿದಾಗ ನಮ್ಮ ಕುಂಬಾರರು ಮಾಡುವ ಹಾಗೆ ತಟ್ಟಬಹುದು. ಒಳಗಿನಿಂದ ಒಂದು ದುಂಡು ಕಲ್ಲು ಒತ್ತಿ ಹಿಡಿಯಿರಿ, ಹೊರಗಿನಿಂದ ಚಿಕ್ಕ ಹಲಗೆಯಲ್ಲಿ ಮೆಲ್ಲಗೆ ಬಡಿಯಿರಿ. ಗೋಡೆ ತೆಳುವಾಗುತ್ತದೆ, ಗಟ್ಟಿಯಾಗುತ್ತದೆ, ಹೊಟ್ಟೆ ದುಂಡಾಗುತ್ತದೆ. ಕುಂಬಾರ ಗುಂಡಯ್ಯನ ಕಥೆ ಕೇಳಿರುತ್ತೀರಿ. ಗುಂಡಯ್ಯ ಮಡಕೆ ಬಡಿಯುವ ತಾಳಕ್ಕೆ ಶಿವನೇ ಬಂದು ಕುಣಿದನಂತೆ. ನಾನು ಮೊದಲ ಸಲ ಹೀಗೆ ತಟ್ಟಿದ ದಿನ, ಕೈಗೆ ತಾಳ ತಾನಾಗಿ ಸಿಕ್ಕ ಆ ಐದು ನಿಮಿಷದಲ್ಲಿ, ಈ ಕಥೆ ಹುಟ್ಟಿದ್ದು ಹೇಗೆ ಅಂತ ಅರ್ಥವಾಯಿತು.

ಒಣಗಿಸುವುದು

ಬಿಸಿಲು ಬೇಡ, ಫ್ಯಾನ್ ಬೇಡ. ನೆರಳಿನಲ್ಲಿ ಪೇಪರ್ ಮೇಲೆ ಇಟ್ಟು, ಮೊದಲ ಎರಡು ದಿನ ಸಡಿಲವಾಗಿ ಬಟ್ಟೆ ಮುಚ್ಚಿ. ಬಾಯಿ ಬೇಗ ಒಣಗುತ್ತದೆ, ತಳ ನಿಧಾನ. ಒಂದು ಕುಗ್ಗಿ ಇನ್ನೊಂದು ಕುಗ್ಗದೆ ಇದ್ದಾಗಲೇ ಬಿರುಕು. ಹಾಗಾಗಿ ಮೂರನೇ ದಿನ ಬೋರಲು ಹಾಕಿ. ವಾರದಿಂದ ಹತ್ತು ದಿನ, ಮಲೆನಾಡಿನ ಮಳೆಯಲ್ಲಾದರೆ ಮೂರು ವಾರ ಹಿಡಿದರೂ ಆಶ್ಚರ್ಯವಿಲ್ಲ. ಒಣಗಿದೆಯಾ ಅಂತ ನೋಡಲು ಕೆನ್ನೆಗೆ ಹಿಡಿಯಿರಿ. ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ.

ಈ ದಿನಗಳಲ್ಲಿ ನೀವು ಮಾಡಬೇಕಾದ್ದು ಏನೂ ಇಲ್ಲ. ದಿನಕ್ಕೊಮ್ಮೆ ಹೋಗಿ ನೋಡಿ ಬರುವುದು, ಅಷ್ಟೇ. ನನಗೆ ಅದೇ ಕಷ್ಟವಾಗಿತ್ತು. ಒಮ್ಮೆ ಬಿಸಿಲಿಗಿಟ್ಟು ಮೂರು ಕುಡಿಕೆ ಒಂದೇ ಮಧ್ಯಾಹ್ನದಲ್ಲಿ ಸೀಳಿಸಿಕೊಂಡ ಮೇಲೆ ಕಾಯುವುದು ಬಂತು.

ಬಕೆಟ್ಟಿಗೆ ಹಾಕುವ ದಿನ

ಪೂರ್ತಿ ಒಣಗಿದ ಕುಡಿಕೆಯನ್ನು ನೀರಿಗೆ ಇಳಿಸಿ ಪಕ್ಕದಲ್ಲೇ ಕೂರಿ. ಮೊದಲು ಸುಯ್ ಅಂತ ಸಣ್ಣ ಸದ್ದು, ಆಮೇಲೆ ಮೈತುಂಬ ಗುಳ್ಳೆ. ಅಂಚು ಪುಡಿಪುಡಿಯಾಗಿ ಉದುರುತ್ತದೆ, ಗೋಡೆ ಪದರ ಪದರ ಬಿಚ್ಚುತ್ತದೆ. ತೆಳು ಕುಡಿಕೆಯಾದರೆ ಕಾಲು ಗಂಟೆಯೊಳಗೆ ಒಂದು ಗುಪ್ಪೆ ಮಾತ್ರ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಅನ್ನುವ ಗಾದೆಯಲ್ಲಿ ದೊಣ್ಣೆ ಬೇರೆಯವರ ಕೈಯಲ್ಲಿದೆ. ಇಲ್ಲಿ ನೀವೇ, ನಿಮ್ಮ ಇಷ್ಟದಿಂದ ಬಿಟ್ಟುಕೊಡುತ್ತಿದ್ದೀರಿ. ಅನುಭವ ಪೂರ್ತಿ ಬೇರೆ.

ನಾಲ್ಕನೇ ವಾರ ನನ್ನ ಕೈಯಿಂದ ಒಂದು ಬಟ್ಟಲು ಬಹಳ ಚೆನ್ನಾಗಿ ಬಂದಿತ್ತು. ಹಾಕಲು ಮನಸ್ಸೇ ಬರಲಿಲ್ಲ. ಎರಡು ದಿನ ಮುಂದಕ್ಕೆ ಹಾಕಿದೆ. ಕೊನೆಗೆ ನೀರಿಗೆ ಇಳಿಸಿದಾಗ ಅಳು ಬಂತು, ಆಸ್ಪತ್ರೆಯಲ್ಲಿ ಬಾರದ ಅಳು. ಅದನ್ನು ತಡೆಯಲಿಲ್ಲ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳುವುದಿಲ್ಲ. ಆದರೆ ಇಟ್ಟುಕೊಳ್ಳುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ ಕೈಗೆ ಹೆದರಿಕೆ ಇರುವುದಿಲ್ಲ, ಫೋಟೋ ಹಾಕಿ ಯಾರ ಮೆಚ್ಚುಗೆಗೂ ಕಾಯುವುದಿಲ್ಲ. ಇದನ್ನು ಮಾತ್ರ ಖಂಡಿತವಾಗಿ ಹೇಳಬಲ್ಲೆ.

ತಿಂಗಳಾದ ಮೇಲೆ ಸುಡಬೇಕು ಅನಿಸಿದರೆ

ಅಡುಗೆಮನೆಯ ಓವನ್‌ನಲ್ಲಿ ಆಗುವುದಿಲ್ಲ. ಅದು 250 ಡಿಗ್ರಿಯ ಆಸುಪಾಸಿಗೆ ನಿಲ್ಲುತ್ತದೆ. ಮಣ್ಣು ಮತ್ತೆ ನೀರಿನಲ್ಲಿ ಕರಗದ ಹಾಗೆ ಬದಲಾಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಗಟ್ಟಿ ಟೆರಾಕೋಟಾ ಆಗಲು 900ರಿಂದ 1000. ಒಳ್ಳೆಯ ದಾರಿ ಅಂದರೆ ಮಣ್ಣು ಕೊಟ್ಟ ಕುಂಬಾರರನ್ನೇ ಕೇಳುವುದು. ಅವರ ಆವಿಗೆ ಹೊತ್ತಿಸುವಾಗ ನಿಮ್ಮ ನಾಲ್ಕು ಕುಡಿಕೆಗೆ ಮೂಲೆಯಲ್ಲಿ ಜಾಗ ಸಿಗಬಹುದು. ನಗರದಲ್ಲಿ ಕೆಲವು ಸ್ಟುಡಿಯೋಗಳು ದುಡ್ಡು ತೆಗೆದುಕೊಂಡು ಸುಟ್ಟುಕೊಡುತ್ತವೆ.

ಊರಿನಲ್ಲಿ ಬಯಲು ಜಾಗ ಇದ್ದರೆ ಮರದ ಹೊಟ್ಟಿನಲ್ಲಿ ಸುಡಬಹುದು. ಬಾಲ್ಕನಿ, ತಾರಸಿಯಲ್ಲಿ ಖಂಡಿತ ಬೇಡ. ಸಡಿಲವಾಗಿ ಇಟ್ಟಿಗೆ ಜೋಡಿಸಿ ಡಬ್ಬಿಯ ಹಾಗೆ ಕಟ್ಟಿ. ತಳಕ್ಕೆ ಒಂದು ಗೇಣು ಒಣ ಹೊಟ್ಟು, ಅದರ ಮೇಲೆ ಕುಡಿಕೆಗಳು, ಒಂದಕ್ಕೊಂದು ತಾಗದ ಹಾಗೆ. ಕುಡಿಕೆಯ ಒಳಗೂ ಹೊಟ್ಟು ತುಂಬಿ, ಮೇಲೆ ಮತ್ತೊಂದು ಗೇಣು ಹಾಕಿ. ಮೇಲಿನಿಂದ ಕಾಗದ, ಕಡ್ಡಿ ಇಟ್ಟು ಹೊತ್ತಿಸಿ, ಚೆನ್ನಾಗಿ ಹಿಡಿದ ಮೇಲೆ ತಗಡು ಮುಚ್ಚಿ. ಅದು ಉರಿಯುವುದಿಲ್ಲ, ಒಂದಿಡೀ ರಾತ್ರಿ ಕನಕನ ಹೊಗೆಯುತ್ತದೆ. ಗಾಳಿ ಕಡಿಮೆ ಇರುವುದರಿಂದ ಇಂಗಾಲ ಮಣ್ಣಿನೊಳಗೆ ಇಳಿದು ಮಡಕೆ ಕಪ್ಪಾಗುತ್ತದೆ. ಪೂರ್ತಿ ಆರುವವರೆಗೆ ತೆರೆಯಬೇಡಿ, ಪಕ್ಕದಲ್ಲಿ ಎರಡು ಬಕೆಟ್ ನೀರು ಇರಲಿ. ಸುಡುವ ಮೊದಲು ಕುಡಿಕೆಗಳನ್ನು ಬೆಚ್ಚಗಿನ ಒಲೆಯ ಬಳಿ ಒಂದು ದಿನ ಇಡಿ. ಗಾಳಿ ಗುಳ್ಳೆಯಿಂದ ಮಡಕೆ ಸಿಡಿಯುತ್ತದೆ ಅಂತ ಬಹಳ ಜನ ಹೇಳುತ್ತಾರೆ. ನಿಜವಾಗಿ ಸಿಡಿಸುವುದು ಒಳಗೆ ಉಳಿದ ನೀರು, 100 ಡಿಗ್ರಿ ದಾಟುವಾಗ ಹಬೆಯಾಗಿ ಉಬ್ಬುತ್ತದೆ.

ಹೊಟ್ಟಿನ ಬೆಂಕಿಯ ಕಾವು ಕಡಿಮೆ, ಮಡಕೆ ಸರಂಧ್ರವಾಗಿಯೇ ಉಳಿಯುತ್ತದೆ. ಊಟಕ್ಕೆ, ನೀರಿಗೆ ಬಳಸಬೇಡಿ. ಹಣತೆ, ಊದುಬತ್ತಿ ಬಟ್ಟಲು, ಒಣ ಹೂವಿನ ಕುಡಿಕೆಗೆ ಸರಿ. ಹಣತೆಯನ್ನು ಹಚ್ಚುವ ಮೊದಲು ಕೆಲವು ಗಂಟೆ ನೀರಿನಲ್ಲಿ ನೆನೆಸಿದರೆ ಎಣ್ಣೆ ಕುಡಿಯುವುದಿಲ್ಲ.

ಆರಿದ ಮೇಲೆ ಒಂದೊಂದನ್ನೇ ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಅಂದರೆ ಗಟ್ಟಿ, ಡಬ್ ಅಂದರೆ ಎಲ್ಲೋ ಬಿರುಕಿದೆ. ಡಬ್ ಅಂದದ್ದನ್ನು ಎಸೆಯಬೇಡಿ. ಒದ್ದೆ ಗೋಣಿಯಲ್ಲಿ ಸುತ್ತಿ ಕುಟ್ಟಿ, ಜರಡಿ ಹಿಡಿದು ಡಬ್ಬಿಯಲ್ಲಿಡಿ. ಮುಂದಿನ ಬಕೆಟ್ ಮಣ್ಣಿಗೆ ಬೋಕಿ ಪುಡಿ ಬೇಕಾಗುತ್ತದೆ.